ಕಾಕಾನ ಪೇಟಿಯ ವಿರುದ್ಧ ಒಂದು ಸಾಕ್ಷಿ

ಕಾಕಾ ಆ ಮಾತು ಆಡಿದ್ದು ಸೋಮವಾರವೇ ಹೌದೇ, ಆಗ ಪಡಸಾಲೆಯಲ್ಲಿ ಎಷ್ಟು ಜನ ಕೂತಿದ್ದರು, ನಾನು ಅತ್ತೆನೋ ಇಲ್ಲವೋ, ಇದಾವುದೂ ನನಗೆ ಖಚಿತವಿಲ್ಲ. ಮೂರು ಬೇರೆ ಬೇರೆ ಸಂಜೆಗಳನ್ನು ನನ್ನ ತಲೆ ಒಂದೇ ಸಂಜೆಯಾಗಿ ಹೊಲಿದಿರಬಹುದು. ವಿಜಯಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಕಲಿತದ್ದರಲ್ಲಿ ಬಹುಪಾಲು ಮರೆತಿದ್ದೇನೆ. ಉಳಿದದ್ದು ಒಂದು ಚಟ. ಒಂದು ಪ್ರಯೋಗ ಎರಡು ಸಲ ಒಂದೇ ಉತ್ತರ ಕೊಟ್ಟರೂ ಮೂರನೆಯ ಸಲ ಮಾಡಿ ನೋಡಬೇಕು ಅನ್ನಿಸುತ್ತದೆ. ನೆನಪಿಗೆ ಆ ಸೌಕರ್ಯವಿಲ್ಲ. ಪ್ರತಿ ಸಲ ಹೊರಗೆ ತೆಗೆದು ನೋಡಿದಾಗಲೂ ಅದರ ಮೇಲೆ ನನ್ನದೇ ಬೆರಳಿನ ಗುರುತು ಒಂದು ಹೆಚ್ಚಾಗಿರುತ್ತದೆ. ಆದರೆ ಸಿಟ್ಟಿನ ಬಗ್ಗೆ ನನಗೆ ಅನುಮಾನವಿಲ್ಲ. ಅದು ನಾಲ್ಕನೆಯ ಇಯತ್ತೆಯಿಂದ ಇಲ್ಲಿಯವರೆಗೆ ಚೂರೂ ಕರಗದೆ ಬಂದಿದೆ. ಐವತ್ತು ದಾಟಿದ ಮೇಲೆ ನಾನು ಒಂದು ಡಿಜಿಟಲ್ ಕೀಬೋರ್ಡ್ ಕೊಂಡದ್ದು ಸಂಗೀತದ ಮೇಲಿನ ಪ್ರೀತಿಯಿಂದ ಎಂದು ಸಹೋದ್ಯೋಗಿಗಳಿಗೆ ಹೇಳಿದೆ. ಅದು ಸುಳ್ಳು. ಕಾಕಾ ಬದುಕಿರುವಾಗಲೇ ಅವನ ಮುಂದೆ ಒಬ್ಬ ಸಾಕ್ಷಿಯನ್ನು ನಿಲ್ಲಿಸಬೇಕಿತ್ತು.

ತಿಕೋಟಾದ ನಮ್ಮ ಮನೆ ರೈಲು ಡಬ್ಬಿಯಂತೆ ಉದ್ದಕ್ಕಿತ್ತು. ಮುಂದೆ ಪಡಸಾಲೆ, ಅದರ ಗೋಡೆಯಲ್ಲಿ ದೇವರ ಮಾಡ, ಆಮೇಲೆ ಎರಡು ಕತ್ತಲೆ ಕೋಣೆ, ಅಡುಗೆಮನೆ, ಹಿತ್ತಲು. ಹಿತ್ತಲ ಮೂಲೆಯಲ್ಲಿ ಕಿಟಕಿಯೇ ಇಲ್ಲದ ಒಂದು ಸಣ್ಣ ಕೋಣೆ. ಅದನ್ನು ನಾವು ಗಂಧಕದ ಖೋಲಿ ಅನ್ನುತ್ತಿದ್ದೆವು. ಅಪ್ಪನದು ಮಣೂಕಾ ಮಾಡುವ ಕೆಲಸ, ಅಂದರೆ ಒಣದ್ರಾಕ್ಷಿ. ಒಣಗಿದ ದ್ರಾಕ್ಷಿಯನ್ನು ತಟ್ಟೆಗಳಲ್ಲಿ ಹರಡಿ ಆ ಖೋಲಿಯಲ್ಲಿ ಒಂದರ ಮೇಲೊಂದು ಪೇರಿಸಿ, ಕೆಳಗೆ ಗಂಧಕ ಸುಟ್ಟು, ಬಾಗಿಲ ಸಂದಿಗೆ ಒದ್ದೆ ಗೋಣಿತಟ್ಟು ತುರುಕಿ ಮುಚ್ಚಿಬಿಡುತ್ತಿದ್ದರು. ಹೊರಬರುವ ಹೊತ್ತಿಗೆ ಹಣ್ಣಿಗೆ ಹೊನ್ನಿನ ಬಣ್ಣ ಬಂದಿರುತ್ತಿತ್ತು, ನಮಗೆ ಕೆಮ್ಮು. ರೊಟ್ಟಿಯಲ್ಲಿ ಗಂಧಕ, ಕೌದಿಯಲ್ಲಿ ಗಂಧಕ, ಅವ್ವನ ಸೆರಗಿನಲ್ಲಿ ಗಂಧಕ. ಸಾಲೆಯಲ್ಲಿ ನನ್ನ ಪಕ್ಕ ಕೂಡುವವರು ಮೂಗು ಮುಚ್ಚಿಕೊಂಡರೆ ನನಗೆ ಕಾರಣವೇ ತಿಳಿಯುತ್ತಿರಲಿಲ್ಲ. ಅವ್ವ ಒಲೆಯ ಮುಂದೆ ಕೂತು ಕೆಮ್ಮುತ್ತಲೇ ಅನ್ನುತ್ತಿದ್ದಳು:

"ಮಣೂಕಾಕ್ಕ ಬಣ್ಣಾ ಬರಲಿ, ನಮ್ಮ ಬಣ್ಣಾ ಹೋಗಲಿ. ಮದವಿ ಮಾಡಿಕೊಂಡಾಗ ಇದನ್ನ ಯಾರೂ ಹೇಳಲಿಲ್ಲಬೇ ನನಗ."

ಆ ಖೋಲಿಗೆ ಇನ್ನೊಂದು ಉಪಯೋಗವಿತ್ತು. ಅದರೊಳಗೆ ಇಲಿ ಕಾಲಿಡುತ್ತಿರಲಿಲ್ಲ. ಹಾಗಾಗಿ ಹಂಗಾಮು ಮುಗಿದ ಮೇಲೆ ಮನೆಯಲ್ಲಿ ಇಲಿ ಕಡಿಯಬಹುದಾದ ಏನೇ ಇರಲಿ ಅಲ್ಲಿ ಹೋಗಿ ಬೀಳುತ್ತಿತ್ತು: ಜೋಳದ ಚೀಲ, ಗಾದಿ, ಅವ್ವನ ರೇಷ್ಮೆ ಸೀರೆಯ ಟ್ರಂಕು. ಯಾವುದನ್ನು ಮೊದಲು ಇಡಬೇಕು ಎಂದು ಅವ್ವನಿಗೂ ಕಾಕಿಗೂ ವರ್ಷಕ್ಕೊಮ್ಮೆ ತಪ್ಪದೆ ಜಗಳ. ಮದುವೆಗೆ ಹೋಗುವಾಗ ನಮ್ಮ ಮನೆಯ ಹೆಂಗಸರು ಅತ್ತರು ಬಳಿದುಕೊಂಡರೂ ಗಂಧಕದ ಸೀರೆಯಲ್ಲೇ ಹೋಗುತ್ತಿದ್ದರು. ಕಾಕಾ ತನ್ನ ಪೇಟಿಯನ್ನೂ ಅಲ್ಲೇ ಇಡುತ್ತಿದ್ದ ಎಂದು ನನಗೆ ನೆನಪು. ಬಿಳಿ ಬಟ್ಟೆಯಲ್ಲಿ ಸುತ್ತಿದ ಪೇಟಿ, ಜೋಳದ ಚೀಲಗಳ ಮೇಲೆ, ಅರೆಗತ್ತಲೆಯಲ್ಲಿ. ಆ ಚಿತ್ರ ಎಷ್ಟು ಸ್ಪಷ್ಟವಾಗಿದೆಯೆಂದರೆ ಬಟ್ಟೆಯ ಗಂಟು ಯಾವ ಕಡೆಗಿತ್ತು ಎಂದೂ ಹೇಳಬಲ್ಲೆ.

ಪೇಟಿ ಅಂದರೆ ಹಾರ್ಮೋನಿಯಂ. ಕಾಕಾ, ಅಂದರೆ ಅಪ್ಪನ ತಮ್ಮ, ಬಬಲೇಶ್ವರದಲ್ಲಿ ಪ್ರಾಥಮಿಕ ಸಾಲೆಯ ಮಾಸ್ತರ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಅಲ್ಲೇ ಒಬ್ಬ ಮುದುಕನ ಹತ್ತಿರ ಪೇಟಿ ಕಲಿತು, ಆ ಮುದುಕನ ಪೇಟಿಯನ್ನೇ ಕೊಂಡು ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದಿದ್ದ. ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಭಜನೆ. ಘೋಣಸಗಿಯಿಂದ ಇಬ್ಬರು ಸೈಕಲ್ಲಿನ ಮೇಲೆ ಬರುತ್ತಿದ್ದರು, ಇಟ್ಟಂಗಿಹಾಳದಿಂದ ಗುರಪ್ಪ ಎಂಬ ಅಪ್ಪನ ಗೆಳೆಯ ತಾಳ ಹಿಡಿದು ಬರುತ್ತಿದ್ದ. ಭಜನೆ ಮುಗಿದ ಮೇಲೆ ಚುರುಮುರಿ, ಹಸಿ ಉಳ್ಳಾಗಡ್ಡಿ, ಬಣ್ಣ ಕೆಟ್ಟು ಮಾರಾಟವಾಗದ ಮಣೂಕಾ. ಮನೆಯಲ್ಲಿ ಯಜಮಾನ ಅಪ್ಪನೇ ಆದರೂ ಆ ಎರಡು ತಾಸು ಕಾಕಾನ ರಾಜ್ಯ. ಪೇಟಿಯನ್ನು ಮಕ್ಕಳು ಮುಟ್ಟಕೂಡದು. ನಾನಂತೂ ಮುಟ್ಟಲೇಕೂಡದು, ಯಾಕೆಂದರೆ ಆ ಮನೆಯಲ್ಲಿ ಎಡಚ ನಾನೊಬ್ಬನೇ. ಪೇಟಿಗೆ ಎಡಗೈಯಲ್ಲಿ ತಿದಿ ಒತ್ತಬೇಕು, ಬಲಗೈಯಲ್ಲಿ ಬಾರಿಸಬೇಕು. ನಾನು ಒಮ್ಮೆ ಕದ್ದು ಕೂತು ಎಡಗೈ ಬೆರಳನ್ನು ಮನೆಗಳ ಮೇಲೆ, ಅಂದರೆ ಸ್ವರ ನುಡಿಸುವ ಕೀಗಳ ಮೇಲೆ, ಇಟ್ಟಾಗ ಕಾಕಾ ಫುಟ್‌ಪಟ್ಟಿಯಿಂದ ಗಿಣ್ಣಿನ ಮೇಲೆ ಹೊಡೆದ. ಬರೆಯುವಾಗಲೂ ಹೊಡೆದವನು ಅವನೇ. ಹೊಡೆದರೂ ನಾನು ಎಡಗೈ ಬಿಡಲಿಲ್ಲ. ನನ್ನ ಅಕ್ಷರಗಳು ಗಾಳಿಗೆ ಸಿಕ್ಕ ಜೋಳದಂತೆ ಹಿಂದಕ್ಕೆ ವಾಲಿದವು. ಇಂದಿಗೂ ಹಲಗೆಯ ಮೇಲೆ ನಾನು ಬರೆದದ್ದನ್ನು ನೋಡಿ ವಿದ್ಯಾರ್ಥಿಗಳು ತಲೆ ಓರೆ ಮಾಡುತ್ತಾರೆ.

ಮುಟ್ಟಲು ಆಗದಿದ್ದರೇನು, ಹಾಡಬಹುದಿತ್ತು. ನಾನು ಗಟ್ಟಿಯಾಗಿ ಹಾಡುತ್ತಿದ್ದೆ. ಹಾಡುವಾಗ ಕೆಮ್ಮು ಬರುತ್ತಿರಲಿಲ್ಲ ಎನ್ನುವುದೇ ದೊಡ್ಡ ಸುಖ. ಆ ಸೋಮವಾರ, ಅದು ಸೋಮವಾರವೇ ಆಗಿದ್ದರೆ, ಪದದ ನಡುವೆ ಕಾಕಾ ಪೇಟಿ ನಿಲ್ಲಿಸಿದ. ಗುರಪ್ಪನ ತಾಳ ಇನ್ನೆರಡು ಸಲ ಬಡಿದು ನಿಂತಿತು.

"ಯಾರಲೇ ಅದು ಬೇಸೂರ? ಸ, ರಿ ತನಕಾ ಬರ್ತೀರಿ, ಗ ಬಂದ ಕೂಡ್ಲೇ ಒಬ್ಬ ಗ್ವಾಡಿ ಹತ್ತತಾನ."

ಕಾಕಾ ಒಬ್ಬೊಬ್ಬರನ್ನೇ ಹಾಡಿಸಿದ. ಅವನ ಮಗಳು ಸುರೇಖಾ ಹಾಡಿದಳು, ಅವ್ವ ಸೆರಗು ಬಾಯಿಗಿಟ್ಟುಕೊಂಡು ಹಾಡಿದಳು. ಆಮೇಲೆ ನಾನು.

"ಸಿಕ್ಕ. ನೋಡೋ, ನೀ ಭಜನ್ಯಾಗ ಕೂಡು, ಬ್ಯಾಡ ಅನ್ನೂದಿಲ್ಲ. ಬಾಯಷ್ಟ ಆಡಸು. ದನಿ ಹೊರಗ ಬರಬಾರದು."

"ಇರಲಿ ಬಿಡೋ ಮಾಸ್ತರ," ಎಂದ ಗುರಪ್ಪ. "ಮೀನ ಹಂಗ ಬಾಯಿ ತಗದು ಮುಚ್ಚತಾನ, ಪಾಪ. ಮೀನಪ್ಪಾ, ಬಾ, ನನ್ನ ಮಗ್ಗಲಕ ಕೂಡು."

ನಕ್ಕರು. ಅವ್ವನೂ ನಕ್ಕಳು. ಕಾಕಾ ನಗಲಿಲ್ಲ, ಅದಕ್ಕೇ ಅವನ ಮೇಲೆ ಸಿಟ್ಟು ಹೆಚ್ಚು. ಅಂದಿನಿಂದ ನಾನು ಮೀನಪ್ಪ. ಏಳು ವರ್ಷ ಪ್ರತಿ ಸೋಮವಾರ ಅದೇ ಪಡಸಾಲೆಯ ತಣ್ಣನೆಯ ಫರಸಿ ಕಲ್ಲಿನ ಮೇಲೆ ಕೂತು ಬಾಯಷ್ಟೇ ಆಡಿಸಿದೆ. ಸಾಲೆಯ ಪ್ರಾರ್ಥನೆಯಲ್ಲಿ ಆಡಿಸಿದೆ, ನನ್ನ ಮದುವೆಯ ಮಂಗಳಾರತಿಯಲ್ಲಿ ಆಡಿಸಿದೆ. ನೆರೆದ ಜನ ಒಟ್ಟಿಗೆ ಏನನ್ನಾದರೂ ಹೇಳುವಾಗ ಯಾರ ಬಾಯಿಯಿಂದ ನಿಜವಾಗಿ ದನಿ ಬರುತ್ತಿದೆ ಎಂದು ನೋಡುವ ಅಭ್ಯಾಸ ನನಗೆ ಬಂದದ್ದು ಹಾಗೆ. ಕಾಲೇಜಿನ ಸಭೆಗಳಲ್ಲಿ ಅದು ಬಹಳ ಉಪಯೋಗಕ್ಕೆ ಬಿದ್ದಿದೆ, ಗೆಳೆಯರನ್ನು ಮಾತ್ರ ಉಳಿಸಿಲ್ಲ. ಊಟಕ್ಕೆ ಕೂತಾಗ, ಕಾಕಾ ಎದುರಿಗೆ ಜುಣಕದಲ್ಲಿ ರೊಟ್ಟಿ ಅದ್ದುವಾಗ, ನಾನು ಒಂದು ವಾಕ್ಯವನ್ನು ಅಗಿಯುತ್ತಿದ್ದೆ: ಬೇಸೂರ ನಾ ಅಲ್ಲ, ನೀ ಅದಿ. ಯಾಕೆಂದರೆ ನನ್ನ ಕಿವಿಗೆ ಪೇಟಿಯ ಗ ತಗ್ಗಿ ಕೇಳುತ್ತಿತ್ತು. ಎಲ್ಲರೂ ಆ ತಗ್ಗಿದ ಗ ಹಿಂದೆ ಕುರಿಗಳಂತೆ ತಗ್ಗಿಗೆ ಇಳಿಯುತ್ತಿದ್ದರು. ಬೇರೆ ಎಲ್ಲ ಸ್ವರ ನೆಟ್ಟಗೆ, ಅದೊಂದೇ ಸೊಟ್ಟ.

ಧಾರವಾಡದ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನ ತಕ್ಕಡಿಯ ಹಿತ್ತಾಳೆ ತೂಕವೊಂದು ಕರ್ರಗಾಗಿದ್ದನ್ನು ನೋಡಿದೆ. ಯಾರೋ ಗಂಧಕದ ಬಾಟಲಿಯ ಪಕ್ಕ ಅದನ್ನು ಮರೆತಿದ್ದರು. ಮೇಷ್ಟರು ಬೈಯುತ್ತಿದ್ದರು, ನನಗೆ ಖುಷಿ ತಡೆಯಲಾಗುತ್ತಿರಲಿಲ್ಲ. ಪೇಟಿಯ ಒಳಗಿನ ರೀಡುಗಳು ಹಿತ್ತಾಳೆಯವು. ಅವುಗಳ ನಾಲಿಗೆಯ ಮೇಲೆ ಮಸಿ ಕೂತು ಭಾರವಾದರೆ ಸ್ವರ ಇಳಿಯುತ್ತದೆ. ಹಿತ್ತಾಳೆಯ ನಾಲಿಗೆಗಳಿರುವ ವಾದ್ಯವನ್ನು ಇಲಿಗೆ ಹೆದರಿ ಗಂಧಕದ ಖೋಲಿಯಲ್ಲಿಟ್ಟ ಮಾಸ್ತರ ನನ್ನನ್ನು ಬೇಸೂರ ಅಂದಿದ್ದ! ಅಂದಿನಿಂದ ನನ್ನ ಹತ್ತಿರ ಸಿಟ್ಟಿನ ಜೊತೆಗೆ ಒಂದು ಸಿದ್ಧಾಂತವೂ ಇತ್ತು. ಪುರಾವೆಯೊಂದೇ ಬಾಕಿ.

ಅದಕ್ಕಾಗಿ ವಿಜಯಪುರದಲ್ಲಿ ವಾದ್ಯದ ಅಂಗಡಿ ಹೊಕ್ಕೆ. ಅಲ್ಲಿದ್ದ ಹುಡುಗಿ ಚುರುಕು.

"ಮಮ್ಮಗಳಿಗೇನ್ರಿ ಸರ?"

"ನನಗ."

"ಛಲೋ ಆತಲ್ರಿ. ನೋಡ್ರಿ ಇದರಾಗ ನೂರಾರು ಥರದ ಸೌಂಡ್ ಅದಾವು. ಕೊಳಲು, ಪಿಟೀಲು, ನಾಯಿ ಬೊಗಳೂದೂ ಐತ್ರಿ."

ನಾಯಿ ಬೊಗಳುವುದು ಬೇಡ ಎಂದೆ. ಮೊದಲು ಆಕೆ ತೋರಿಸಿದ್ದು ಎಂಬತ್ತೆಂಟು ಮನೆಗಳ ದೊಡ್ಡ ಡಿಜಿಟಲ್ ಪಿಯಾನೊ. ಮನೆ ಒತ್ತಿದರೆ ನಿಜವಾದ ಪಿಯಾನೊದಂತೆ ತೂಕವಾಗಿ ಕೆಳಗಿಳಿಯುತ್ತಿತ್ತು, ಬೆರಳಿಗೆ ಗೌರವ ಕೊಟ್ಟಂತೆ. ಮನಸ್ಸು ಹೋಯಿತು. ಆದರೆ ಅದನ್ನು ಎತ್ತಲು ಇಬ್ಬರು ಬೇಕು, ತಿಕೋಟಾದ ಬಸ್ಸಿಗೆ ಅದು ಹತ್ತುವುದಿಲ್ಲ. ಮೂವತ್ತೆರಡು ಮನೆಗಳ ಪುಟ್ಟದೊಂದು ಇತ್ತು; ಅದರ ಮನೆಗಳು ಮಕ್ಕಳ ಬೆರಳಿನ ಅಳತೆಯವು, ನನ್ನ ಬೆರಳು ಒಂದಕ್ಕೆ ಒತ್ತಿದರೆ ಎರಡಕ್ಕೆ ತಾಗುತ್ತಿತ್ತು. ಸಾಕ್ಷಿ ತೊದಲಬಾರದು. ಕೊನೆಗೆ ಅರವತ್ತೊಂದು ಮನೆಗಳದು: ಪೂರ್ಣ ಅಳತೆಯ ಮನೆಗಳು, ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವುದು, ಒಳಗೇ ಸ್ಪೀಕರು, ಬ್ಯಾಟರಿಯ ಮೇಲೂ ನಡೆಯುತ್ತದೆ, ಹೆಗಲಿಗೆ ಹಾಕಿಕೊಳ್ಳುವಷ್ಟು ಹಗುರ. ತಿಕೋಟಾದಲ್ಲಿ ಕರೆಂಟು ಹೋದರೂ ನನ್ನ ಸಾಕ್ಷಿ ಹೇಳಿಕೆ ಕೊಡಬೇಕು. ಇನ್ನೊಂದನ್ನು ನಾನು ಕೈಪಿಡಿ ತೆಗೆಸಿ ಓದಿ ಖಚಿತಪಡಿಸಿಕೊಂಡೆ. ಹಳೆಯ ಪೇಟಿಗಳ ಸ ಇವತ್ತಿನ ಅಳತೆಗೆ ಕೂಡುವುದಿಲ್ಲ. ಹಾಗಾಗಿ ಕೀಬೋರ್ಡಿನ ಇಡೀ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸಲು ಬರಬೇಕು. ಮೊದಲು ಎರಡರ ಸ ಒಂದು ಮಾಡಿ, ಆಮೇಲೆ ಗ ಹೋಲಿಸಿದರೆ ಕಾಕಾನಿಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

"ಸರ, ಇಷ್ಟ ಯಾರೂ ಕೇಳಂಗಿಲ್ರಿ," ಎಂದಳು ಹುಡುಗಿ. "ಬಾರಿಸಿ ನೋಡ್ರಿ ಒಮ್ಮೆ. ಎರಡೂ ಕೈ ಹಚ್ಚರಿ."

ಎರಡೂ ಕೈ. ಇದಕ್ಕೆ ತಿದಿ ಇಲ್ಲ. ಎಡಗೈಗೆ ಗಾಳಿ ಒತ್ತುವ ಕೂಲಿ ಕೆಲಸವಿಲ್ಲ. ನಾನು ಎಡಗೈಯ ಬೆರಳನ್ನು ಮನೆಯ ಮೇಲಿಟ್ಟೆ. ಯಾರೂ ಗಿಣ್ಣಿನ ಮೇಲೆ ಹೊಡೆಯಲಿಲ್ಲ.

ಮನೆಯಲ್ಲಿ ಎರಡು ತಿಂಗಳು ಅಭ್ಯಾಸ ಮಾಡಿದೆ. ಹೆಡ್‌ಫೋನ್ ಹಾಕಿಕೊಂಡು, ನೆಲದ ಮೇಲೆ ಚಾಪೆ ಹಾಸಿ, ಕೀಬೋರ್ಡನ್ನು ಮಣೆಯ ಮೇಲಿಟ್ಟು. ಬಾಗಿಲಲ್ಲಿ ನಿಂತು ನೋಡಿದ ಹೆಂಡತಿಗೆ ಕಂಡದ್ದು ಸದ್ದಿಲ್ಲದ ಮನೆಗಳನ್ನು ಒತ್ತುತ್ತಾ ಸದ್ದಿಲ್ಲದೆ ಬಾಯಿ ಆಡಿಸುವ ಗಂಡಸು.

"ಯಾರ ಮ್ಯಾಲಿನ ಸಿಟ್ಟರಿ ಇದು? ಸಂಗೀತ ಕಲಿಯೋರ ಮಾರಿ ಹಿಂಗ ಇರೂದಿಲ್ಲ."

ತಿಕೋಟಾದ ಬಸ್ಸಿನಲ್ಲಿ ಕೀಬೋರ್ಡಿನ ಚೀಲವನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತೆ. ಕಂಡಕ್ಟರ್ "ಏನ್ರಿ ಅದು, ಬಾಗಲಾ ಕಿತಗೊಂಡು ಹೊಂಟೀರೇನು?" ಎಂದ. ಇಟ್ಟಂಗಿಹಾಳದ ಫಲಕ ಕಂಡಾಗ ಗುರಪ್ಪ ನೆನಪಾದ. ಅವನು ಸತ್ತು ಬಹಳ ವರ್ಷವಾಗಿತ್ತು, ನನ್ನ ಕೈಗೆ ಸಿಗದೆ ಪಾರಾಗಿದ್ದ. ದಾರಿಯುದ್ದಕ್ಕೂ ನನ್ನ ಐದು ಪದಗಳನ್ನು ಹೇಳಿಕೊಂಡೆ. ಬೇಸೂರ ನಾ ಅಲ್ಲ, ನೀ ಅದಿ. ಹಿರಿಯರಿಗೆ ಬಹುವಚನ ಬಳಸಬೇಕು ಎಂದು ಗೊತ್ತಿತ್ತು. ಬಳಸುವ ಮನಸ್ಸಿರಲಿಲ್ಲ.

ಆ ಮನೆಯಲ್ಲಿ ಈಗ ಸುರೇಖಾ, ಅವಳ ಗಂಡ, ಮಗ, ಸೊಸೆ, ಎರಡು ಮೊಮ್ಮಕ್ಕಳು. ಗಂಧಕದ ಖೋಲಿ ಒಡೆದು ಬಚ್ಚಲು ಕಟ್ಟಿದ್ದಾರೆ. ಎಂಬತ್ತರ ಹತ್ತಿರದ ಕಾಕಾ ಪಡಸಾಲೆಯಲ್ಲಿ ಕುರ್ಚಿಯ ಮೇಲಿದ್ದ. ದೇಹ ಸಣ್ಣಗಾಗಿತ್ತು, ದನಿ ಹಾಗೇ ಇತ್ತು.

"ಯಾರು, ಮೀನಪ್ಪೇನು? ಬಾರೋ. ಏನ ತಂದಿ?"

ನಾನು ಕೀಬೋರ್ಡನ್ನು ಫರಸಿಯ ಮೇಲೆ ಬಿಚ್ಚಿಟ್ಟೆ. ಕಾಕಾ ಬಗ್ಗಿ ನೋಡಿದ.

"ಇದಕ್ಕ ತಿದಿ ಎಲ್ಲಿ?"

"ಇಲ್ರಿ."

"ಮತ್ತ ಎಡಗೈ ಏನ ಮಾಡಬೇಕು?"

"ಬಾರಿಸಬೇಕ್ರಿ ಕಾಕಾ."

ಪೇಟಿ ತರಿಸಿದೆ. ಸುರೇಖಾ ದೇವರ ಮಾಡದ ಕೆಳಗಿನಿಂದ ಅದನ್ನು ಎಳೆದು ತಂದಳು, ಅವಳೇ ತಿದಿ ಒತ್ತಿದಳು. ಪೇಟಿಯ ಸ ಹಿಡಿದು ನಾನು ಕೀಬೋರ್ಡಿನ ಶ್ರುತಿಯನ್ನು ಎಳೆ ಎಳೆಯಾಗಿ ಇಳಿಸಿದೆ. ಎರಡು ಸ್ವರಗಳ ನಡುವೆ ನಡುಗುತ್ತಿದ್ದ ಅಲೆ ನಿಧಾನವಾಯಿತು, ನಿಂತಿತು. ಪಡಸಾಲೆಯಲ್ಲಿ ಒಂದೇ ಸ. ರಿ ಕೂಡ ಕೂಡಿತು. ಆಮೇಲೆ ಗ ಒತ್ತಿದೆವು. ಹಲ್ಲು ಕಡಿದಂಥ ಸದ್ದು. ಮೊಮ್ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕವು. ನಾನು ಬೆರಳು ತೆಗೆಯಲಿಲ್ಲ. ನನ್ನ ಐದು ಪದಗಳನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾನೇ ಮಾತಾಡಿದ.

"ಹೌದಲೇ, ಗ ಇಳದೈತಿ. ಅದನ್ನ ತೋರಸಾಕ ಬಿಜಾಪುರದಿಂದ ಇಷ್ಟ ದೊಡ್ಡ ಪೆಟಗಿ ಹೊತಗೊಂಡ ಬಂದೇನು?"

"ಗೊತ್ತಿದ್ದೂ ನನಗ ಬೇಸೂರ ಅಂದ್ರಿ?"

"ನಿನಗ ಅಂದಾಗ ಗ ನೆಟ್ಟಗ ಇತ್ತೋ. ನೀ ಒಳಗ ಗಂಧಕ ಇಟ್ಟ ಮ್ಯಾಲ ಇಳೀತು."

"ನಾ ಎಲ್ಲಿ ಇಟ್ಟೇನ್ರಿ? ಇಲಿ ಕಾಟಕ್ಕ ನೀವ ಪೇಟೀನ ಗಂಧಕದ ಖೋಲ್ಯಾಗ ಇಡತಿದ್ರಿ. ನಾ ಕಣ್ಣಾರೆ ನೋಡೇನಿ."

"ಏ, ಏನ ಮಾತಾಡತಿ?" ಎಂದಳು ಸುರೇಖಾ, ತಿದಿ ಬಿಟ್ಟು. "ಅಲ್ಲಿ ಇಡತಿದ್ದದ್ದು ಜ್ವಾಳದ ಚೀಲ, ಗಾದಿ. ಪೇಟಿ ಎಂದೂ ಈ ಮಾಡದ ಕೆಳಗ ಬಿಟ್ಟು ಅಳ್ಳಾಡಿಲ್ಲ."

"ನೀ ಆಗ ಭಾಳ ಸಣ್ಣಾಕಿ. ನಿನಗೇನ ಗೊತ್ತು?"

"ನಿನಕಿಂತ ಎರಡ ವರ್ಷ ದೊಡ್ಡಾಕಿ ಅದೇನಿ. ಅದೂ ಮರತೇನು ಮೀನಪ್ಪ?"

ಅವಳು ನನಗಿಂತ ದೊಡ್ಡವಳು ಎನ್ನುವುದು ನಿಜ. ಆ ಕ್ಷಣದವರೆಗೆ ನನ್ನ ನೆನಪಿನ ಪಡಸಾಲೆಯಲ್ಲಿ ಅವಳು ಅವ್ವನ ಮಗ್ಗುಲಲ್ಲಿ ಕೂತ ಪುಟ್ಟ ಹುಡುಗಿಯಾಗಿದ್ದಳು. ಕಾಕಾ ನನ್ನನ್ನೇ ನೋಡುತ್ತಿದ್ದ. ತರಗತಿಯಲ್ಲಿ ತಪ್ಪು ಉತ್ತರ ಬರುವುದನ್ನು ಕಾಯುವ ಮಾಸ್ತರನ ಹಾಗೆ.

"ರಿಪೇರಿ ಮಾಡಸಬಹುದಿತ್ತು. ಬಬಲೇಶ್ವರದಾಗ ಮಾಡಾಂವ ಇದ್ದ. ಮಾಡಸಲಿಲ್ಲ."

"ಯಾಕ್ರಿ?"

"ಸೋಮವಾರಕ್ಕೊಮ್ಮೆ ನೀ ಕೇಳಬೇಕಲ್ಲ. ನೀ ಮಾಡಿದ್ದು ನಿನ್ನ ಕಿವ್ಯಾಗ ಬೀಳಲಿ, ಒಂದಿನಾ ಬಂದು ಕಾಕಾ ತಪ್ಪಾತು ಅಂದಾನಂತ ದಾರಿ ನೋಡಿದೆ. ನೀ ನೋಡಿದ್ರ ಮರತ ಬಿಟ್ಟಿ! ನಾಲ್ವತ್ತು ವರ್ಷ ಹೊಲಸ ಗ ಬಾರಿಸಿದ್ದು ದಂಡ ಆತಲ್ಲೋ."

ಅವನು ನಗತೊಡಗಿದ. ನಗು ಕೆಮ್ಮಾಯಿತು, ಸುರೇಖಾ ನೀರು ತಂದಳು, ನೀರು ಕುಡಿದು ಮತ್ತೆ ನಕ್ಕ. ನನಗೆ ಆ ನಗು ಗುರುತು ಹತ್ತಿತು. ವಿರೋಧಿಯ ಲೆಕ್ಕ ತಪ್ಪಿದಾಗ ಸಭೆಗಳಲ್ಲಿ ನಾನು ಹಾಗೇ ನಗುತ್ತೇನೆ.

"ನಂಬಾಕಿಲ್ಲಂದ್ರ ಬಿಚ್ಚಿ ನೋಡು. ನೀ ಇಟ್ಟ ಚೀಟಿ ಗಂಧಕದ ಸಂಗಾಟ ಅಲ್ಲೇ ಐತಿ. ನಾ ಮುಟ್ಟಿಲ್ಲ."

ನಾನು ಬಿಚ್ಚಲಿಲ್ಲ. ಸ್ಕ್ರೂಡ್ರೈವರ್ ಇಲ್ಲ ಎಂದೆ. ಸುರೇಖಾಳ ಮಗ ಒಳಗಿನಿಂದ ತಂದುಕೊಟ್ಟ. ಬಸ್ಸಿಗೆ ಹೊತ್ತಾಯಿತು ಎಂದೆ. ಕೀಬೋರ್ಡನ್ನು ಚೀಲಕ್ಕೆ ಸೇರಿಸುವಾಗ ಸುರೇಖಾ ಒಳಗೆ ಚಹಾ ಮಾಡುತ್ತಾ ಯಾವುದೋ ಭಜನೆಯ ಸಾಲು ಗುನುಗುತ್ತಿದ್ದಳು. ಅವಳ ಗ ಪೇಟಿಯ ಗ ಇಳಿದಷ್ಟೇ ಇಳಿಯಿತು. ಅವಳು ಅದನ್ನು ಆ ಮಕ್ಕಳಿಗೂ ಕಲಿಸಿರಬೇಕು.

ವಾಪಸ್ಸು ಬರುವಾಗ ನಾನು ಪಶ್ಚಾತ್ತಾಪ ಪಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತು. ಪಡಲಿಲ್ಲ. ಮುದುಕ ಎರಡನೆಯ ಸುಳ್ಳು ಹುಟ್ಟಿಸಿದ್ದಾನೆ, ಇದನ್ನೂ ಒಡೆಯಬೇಕು ಎಂದುಕೊಂಡೆ. ಗಂಧಕ ಮನೆಯ ತುಂಬ ಇತ್ತು, ಯಾರು ಬೇಕಾದರೂ ಇಟ್ಟಿರಬಹುದು. ಸುರೇಖಾಳೇ ಇಟ್ಟಿರಬಹುದು. ಬಿಳಿ ಬಟ್ಟೆಯ ಗಂಟಿನ ಚಿತ್ರ ಇನ್ನೂ ನನ್ನ ಕಣ್ಣಮುಂದಿದೆ. ಅದು ಪೇಟಿಯೋ ಗಾದಿಯೋ ಎಂದು ಮಾತ್ರ ಈಗ ಹೇಳಲಾರೆ. ಆ ಮನೆಯ ಬಗ್ಗೆ ನಾನು ಮೇಲೆ ಬರೆದದ್ದರಲ್ಲಿ ಯಾವುದಕ್ಕೂ ಇನ್ನು ಜಾಮೀನು ನಿಲ್ಲುವುದಿಲ್ಲ. ಒಂದನ್ನು ಬಿಟ್ಟು.

ಕೆಲವು ವಾರಗಳ ಮೇಲೆ ಸುರೇಖಾ, ಮೊಮ್ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕಿದ್ದು ಮನಸ್ಸಿಗೆ ಹತ್ತಿ, ಪೇಟಿಯನ್ನು ರಿಪೇರಿಗೆಂದು ವಿಜಯಪುರಕ್ಕೆ ಕಳಿಸಿದಳು. ನಾನು ಆ ರಿಪೇರಿ ಅಂಗಡಿಗೆ ಹೋಗಿ, ಬಿಚ್ಚುವಾಗ ಎದುರಿಗೆ ಕೂಡುತ್ತೇನೆ ಎಂದೆ. ನನಗೆ ತಿಳಿಯಬೇಕಿದ್ದದ್ದು ಇಷ್ಟೇ: ಒಳಗೆ ಚೀಟಿ ಇದೆಯೇ ಇಲ್ಲವೇ. ರಿಪೇರಿಯವನು ಮೇಲಿನ ಹಲಗೆ ತೆಗೆದ, ರೀಡಿನ ಪಟ್ಟಿ ಎತ್ತಿದ. ಬೇರೆ ರೀಡುಗಳೆಲ್ಲ ಮಂಕು ಹಳದಿ. ಗ ಮಾತ್ರ ಕಪ್ಪು. ಅದರ ಕೆಳಗೆ ಬೆರಳುದ್ದದ ಒಂದು ಪೊಟ್ಟಣ ಹಲಗೆಗೆ ಅಂಟಿಕೊಂಡಿತ್ತು. "ಇದೇನ್ರಿ ಸರ, ಮದ್ದೇನು?" ಎನ್ನುತ್ತಾ ಅವನು ಚಿಮಟಿಗೆಯಿಂದ ಬಿಡಿಸಿ ನನ್ನ ಅಂಗೈ ಮೇಲಿಟ್ಟ. ಗಂಧಕ ಪುಡಿಯಾಗಿ ಉದುರಿತು. ಕಾಗದ ಸಾಲೆಯ ನೋಟುಬುಕ್ಕಿನದು, ಎರಡು ಗೆರೆಯದು. ಅಕ್ಷರಗಳು ಹಿಂದಕ್ಕೆ ವಾಲಿವೆ. ಬಿಸಿಲಿಗೆ ಹಿಡಿದು ಎರಡು ಸಲ ಓದಿದೆ, ಮೂರನೆಯ ಸಲವೂ ಓದಿದೆ. ಐದೇ ಪದ: ಬೇಸೂರ ನಾ ಅಲ್ಲ, ನೀ ಅದಿ.